ಹೊಟ್ಟಿ ಉರಿ, ಹುರುಳಿ ಕಾಳು ಮತ್ತು ಐದನೇ ದಿನ ಬಿಟ್ಟ ಗುಳಿಗಿ

ಉದ್ದ ಪೋಸ್ಟ್ ಇದು. ಪುರಸೊತ್ತು ಇದ್ದಾಗ ಓದ್ರಿ.

ಹೋದ ವಾರ ಕಿಣ್ಣಿ ಸುಲ್ತಾನಕ್ಕೆ ಹೋಗಿದ್ದೆ. ಆಳಂದ ತಾಲೂಕಿನ ಆ ಊರಾಗ ನಮ್ಮ ಚಿಗವ್ವನ ಮನಿ ಅದ. ತೊಗರಿ ರಾಶಿ ಕಾಲದಾಗ ಒಂದು ದಿನವೂ ಕೂಲಿ ತಪ್ಪಿಸದ ಹೆಣ್ಣುಮಗಳು, ಹಾಡಹಗಲೇ ಕೌದಿ ಹಾಸ್ಕೊಂಡು, ಮೊಣಕಾಲು ಎದಿಗೆ ಒತ್ಕೊಂಡು ಮಲಗಿದ್ಲು. ಎದಿ ಕೆಳಗ ಉರಿ. ಉಂಡ್ರೂ ಉರಿ, ಉಣ್ಣದಿದ್ರೂ ಉರಿ. ಪಟ್ಟಣದ ಡಾಕ್ಟರ್ ನಳಿಗಿ ಇಳಿಸಿ ನೋಡಿ, ಹೊಟ್ಟಿ ಒಳಪದರ ಬಾತದ, ಎಚ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಅದ ಅಂತ ಹೇಳಿ, ಹದಿನಾಲ್ಕು ದಿನಕ್ಕ ಗುಳಿಗಿ ಬರೆದು ಕೊಟ್ಟಿದ್ರು.

‘ನಾಕ್ ದಿನ ನುಂಗಿದೆ ಯಪ್ಪಾ. ಬಾಯಿ ಎಲ್ಲಾ ತಾಮ್ರದ ಚೊಂಬು ನೆಕ್ಕಿದಂಗ ಆಯ್ತು. ಐದನೇ ದಿನ ಬಿಟ್ಟೆ.’

ಬಿಟ್ಟು ಏನು ಮಾಡಿದ್ಲು? ಗೂಡಿನಾಗಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದ್ಲು. ಹಳದಿ ಪುಡಿ. ಮೊಮ್ಮಗನ ಮೊಬೈಲಿಗೆ ಬಂದ ವಿಡಿಯೋ ನೋಡಿ ತರಿಸಿದ್ದು. ಏಳು ದಿನದಾಗ ಹೊಟ್ಟಿಯ ಬ್ಯಾಕ್ಟೀರಿಯಾ ನಾಶ, ನೂರಕ್ಕೆ ನೂರು ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ. ಅದರ ರೇಟು ಆಕಿಯ ನಾಲ್ಕು ದಿನದ ಕೂಲಿ.

‘ಗಿಡದ್ದು ಅದ, ಲುಕ್ಸಾನ ಏನಾಗ್ತದ?’ ಅಂತ ಕೇಳಿದ್ಲು. ಆ ಕ್ಷಣಕ್ಕ ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಸಂಘಟನೆಯ ಮನುಷ್ಯ, ಡಾಕ್ಟರ್ ಅಲ್ಲ. ಆದರೂ ಊರಿಗೆ ವಾಪಸ್ ಬಂದು ವಾರ ಪೂರ್ತಿ ಓದಿದೆ. ಓದ್ತಾ ಹೋದಂಗ ಇದು ಬರೀ ಹೊಟ್ಟಿಯ ಕಥಿ ಅಲ್ಲ ಅಂತ ಗೊತ್ತಾಯ್ತು. ಯಾರ ಮಾತನ್ನು ಸಾಕ್ಷಿ ಅಂತ ತಗೋತಾರ, ಯಾರ ಮೈಮ್ಯಾಲೆ ತಪ್ಪು ಹಾಕ್ತಾರ ಅನ್ನೋ ನಮ್ಮ ಹಳೇ ಕಥಿ ಇದರೊಳಗೂ ಅದ.

ಮೊದಲು ತಪ್ಪು ಹಾಕುವ ವಿಷಯ. 1980ರ ದಶಕದವರೆಗೂ ಹೊಟ್ಟೆ ಹುಣ್ಣು ಅಂದರೆ ಆಮ್ಲ ಜಾಸ್ತಿ, ಚಿಂತೆ ಜಾಸ್ತಿ, ಖಾರ ಜಾಸ್ತಿ. ಆಮ್ಲ ಇಲ್ಲದಿದ್ದರೆ ಹುಣ್ಣೂ ಇಲ್ಲ ಅನ್ನೋ ಸೂತ್ರ 1910ರಿಂದ ವೈದ್ಯರ ಬಾಯಲ್ಲಿತ್ತು. ದೊಡ್ಡ ಪಟ್ಟಣದ ಅಧಿಕಾರಿಗೆ ಹುಣ್ಣಾದರೆ ‘ಟೆನ್ಶನ್’, ಕೆಲಸದ ಒತ್ತಡ, ಪಾಪ. ನಮ್ಮ ಕೇರಿಯವರಿಗೆ ಆದರೆ ‘ಖಾರ ತಿಂತಾರ, ಕುಡೀತಾರ, ಹೊತ್ತಿಗೆ ಸರಿಯಾಗಿ ಉಣ್ಣೋದಿಲ್ಲ’. ಹೊತ್ತಿಗೆ ಸರಿಯಾಗಿ ಉಣ್ಣೋದಿಲ್ಲ! ಹೊತ್ತಿಗೆ ಸರಿಯಾಗಿ ಇದ್ದರ ತಾನೇ ಉಣ್ಣೋದು. ನಮ್ಮವ್ವಗ ಒಬ್ಬ ಡಾಕ್ಟರ್ ಇದೇ ಮಾತು ಹೇಳಿದ್ದು ನಾನೇ ಕೇಳೀನಿ. ಆಕಿ ಕೆಂಪು ಖಾರದ ಚಟ್ನಿ ಬಿಟ್ಟು ಮೂರು ವರ್ಷ ಸಪ್ಪನ ರೊಟ್ಟಿ ತಿಂದ್ಲು. ಉರಿ ಮಾತ್ರ ಹೋಗಲಿಲ್ಲ.

ಆಸ್ಟ್ರೇಲಿಯಾದ ಪರ್ತ್ ನಗರದಾಗ ರಾಬಿನ್ ವಾರನ್ ಅನ್ನುವ ವೈದ್ಯರಿದ್ದರು. ರೋಗಿಗಳ ಹೊಟ್ಟೆಯಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕೆಲಸ. 1979ರಲ್ಲಿ ಅಂಥ ಒಂದು ಚೂರಿನ ಮೇಲೆ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಂಡವು. ಅಷ್ಟು ಆಮ್ಲದೊಳಗೆ ಯಾವ ಜೀವಿಯೂ ಬದುಕೋದಿಲ್ಲ ಅಂತ ಎಲ್ಲ ಪುಸ್ತಕಗಳಲ್ಲಿ ಬರೆದಿತ್ತು. ಎರಡು ವರ್ಷದ ಮೇಲೆ ಬ್ಯಾರಿ ಮಾರ್ಷಲ್ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರ್ ಅವರ ಜತಿಗೆ ಸೇರಿದರು. ಪ್ರಯೋಗಶಾಲೆಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಲು ನೋಡಿದರೆ ಬೆಳೀಲೇ ಇಲ್ಲ, ಯಾಕಂದ್ರ ಎರಡು ದಿನಕ್ಕೆ ತಟ್ಟೆ ಎಸೀತಿದ್ದರು. 1982ರ ಈಸ್ಟರ್ ರಜೆಯಲ್ಲಿ ಮರೆತು ತಟ್ಟೆಗಳು ಐದಾರು ದಿನ ಹಾಗೇ ಉಳಿದವು. ಬ್ಯಾಕ್ಟೀರಿಯಾ ಬೆಳೆದಿದ್ದವು. ಆದರೂ ನಂಬುವವರು ಕಡಿಮಿ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಕಲಸಿದ ನೀರನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಕ್ಕೆ ವಾಂತಿ, ಬಾಯಿ ವಾಸನೆ. ನಳಿಗೆ ಇಳಿಸಿ ನೋಡಿದರೆ ಹೊಟ್ಟೆ ಒಳಪದರ ಬಾತಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇವರಿಗಿಂತ ಮುಂಚೆ ಗ್ರೀಸ್ ದೇಶದ ಸಣ್ಣ ಊರೊಂದರಲ್ಲಿ ಜಾನ್ ಲಿಕೂಡಿಸ್ ಅನ್ನುವ ವೈದ್ಯ, 1958ರಿಂದಲೇ, ಹುಣ್ಣಿಗೆ ಆಂಟಿಬಯೋಟಿಕ್ ಕೊಟ್ಟು ವಾಸಿ ಮಾಡ್ತಿದ್ದರು. ಅವರ ಬರಹವನ್ನು ಪತ್ರಿಕೆಗಳು ತಗೊಳ್ಳಲಿಲ್ಲ. ಉಲ್ಟಾ ದಂಡ ಹಾಕಿದರು. ಅವರು 1980ರಲ್ಲಿ ತೀರಿಕೊಂಡರು, ತಾನು ಸರಿ ಇದ್ದೆ ಅಂತ ಜಗತ್ತು ಒಪ್ಪಿದ್ದನ್ನು ನೋಡದೇ. ಬಿಳಿ ಚರ್ಮದ, ಡಿಗ್ರಿ ಇದ್ದ ಗಂಡಸಿಗೇ ಹೀಗಾದರೆ ಕೇರಿಯ ಸೂಲಗಿತ್ತಿಯ ಮಾತು ಯಾವ ಲೆಕ್ಕ, ನೀವೇ ಹೇಳ್ರಿ.

ಈಗ ಖಾರದ ವಿಷಯ ಮುಗಿಸಿಬಿಡ್ತೀನಿ. ಅಮೆರಿಕದ ಹ್ಯೂಸ್ಟನ್ ನಗರದ ಡೇವಿಡ್ ಗ್ರಹಾಂ ಅನ್ನುವ ವೈದ್ಯರು 1988ರಲ್ಲಿ ಆರೋಗ್ಯವಂತರಿಗೆ ಮೆಣಸಿನಕಾಯಿ ಹಾಕಿದ ಊಟ ಕೊಟ್ಟು, ಆಮೇಲೆ ನಳಿಗೆ ಇಳಿಸಿ ನೋಡಿದರು. ಒಳಪದರಕ್ಕೆ ಏನೂ ಗಾಯ ಆಗಿರಲಿಲ್ಲ. ಹುಣ್ಣು ಇದ್ದವರಿಗೆ ಖಾರದಿಂದ ಉರಿ ಏಳಬಹುದು, ಅದು ಬೇರೆ ಮಾತು. ಹುಣ್ಣು ಹುಟ್ಟಿಸಿದ ಅಪರಾಧ ಮೆಣಸಿನಕಾಯಿದಲ್ಲ. ನಮ್ಮವ್ವ ಮೂರು ವರ್ಷ ಸುಮ್ಮನೇ ಸಪ್ಪನ ರೊಟ್ಟಿ ತಿಂದ್ಲು.

ಹಾಗಾದರೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹ್ಯಾಂಗ ಬರ್ತದ? ಹೆಚ್ಚಾಗಿ ಸಣ್ಣ ವಯಸ್ಸಿನಾಗ, ಮನಿ ಮಂದಿಯಿಂದ, ಬಾಯಿಂದ ಬಾಯಿಗೆ, ಮಲ ಸೇರಿದ ನೀರಿನಿಂದ. ಒಂದೇ ಖೋಲಿಯಾಗ ಏಳೆಂಟು ಜನ ಮಲಗುವ ಮನೆಗಳಾಗ ಸಲೀಸಾಗಿ ಹರಡ್ತದ. ಪೆರು ದೇಶದ ಲಿಮಾ ನಗರದ ಮಕ್ಕಳ ಮೇಲೆ 1991ರಲ್ಲಿ ಬಂದ ಅಧ್ಯಯನದಾಗ, ಮನೆಯೊಳಗೆ ನಲ್ಲಿ ಇಲ್ಲದೇ ಹೊರಗಿನಿಂದ ನೀರು ತರುವ ಮನೆಗಳ ಮಕ್ಕಳಿಗೆ ಈ ಸೋಂಕು ಮೂರು ಪಟ್ಟು ಹೆಚ್ಚು ಇತ್ತು. ಇದನ್ನು ಓದಿದಾಗ ನನಗೆ 1927ರ ಮಹಾಡ್ ನೆನಪಾಯ್ತು. ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದ್ದನ್ನು ನಾವು ಸ್ವಾಭಿಮಾನದ ಹೋರಾಟ ಅಂತ ಪ್ರತಿ ಮಾರ್ಚ್ 20ಕ್ಕೆ ಭಾಷಣ ಮಾಡ್ತೀವಿ, ಮಾಡಬೇಕು. ಆದರ ಒಳ್ಳೆಯ ನೀರು ಯಾರಿಗೆ, ಹೊಂಡದ ನೀರು ಯಾರಿಗೆ ಅಂತ ಜಾತಿ ತೀರ್ಮಾನ ಮಾಡಿದ ದೇಶದಾಗ ಆ ತೀರ್ಮಾನ ತಲೆಮಾರುಗಟ್ಟಲೆ ನಮ್ಮ ಹೊಟ್ಟೆಯೊಳಗೂ ಇಳಿದದ ಅನ್ನೋದನ್ನ ಯಾವ ಭಾಷಣದಾಗೂ ನಾನು ಹೇಳಿರಲಿಲ್ಲ. ಈ ಬ್ಯಾಕ್ಟೀರಿಯಾ ಒಮ್ಮೆ ಸೇರಿತು ಅಂದ್ರ ಔಷಧಿ ಇಲ್ಲದೇ ಸಾಮಾನ್ಯವಾಗಿ ಹೋಗೋದಿಲ್ಲ. ಹೊಟ್ಟೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಮೊದಲನೇ ದರ್ಜೆ ಪಟ್ಟಿಗೆ ಸೇರಿಸಿದೆ.

ಇನ್ನ ಗಿಡದ ವಿಷಯಕ್ಕ ಬರ್ತೀನಿ. ಇದರಾಗ ನಮ್ಮ ಕರ್ನಾಟಕದ್ದೇ ಒಂದು ಕಥಿ ಅದ, ನನಗ ಈ ವಾರದ ತನಕ ಗೊತ್ತಿರಲಿಲ್ಲ.

ಮೈಸೂರಿನಾಗ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅದ. ಅಲ್ಲಿನ ಜನ ಮಿಷನ್ ಆಸ್ಪತ್ರೆ ಅಂತಾರ. 1950-60ರ ದಶಕಗಳಲ್ಲಿ ಅಲ್ಲಿ ಫ್ರಾಂಕ್ ಟೋವಿ ಅನ್ನುವ ಇಂಗ್ಲಿಷ್ ಶಸ್ತ್ರಚಿಕಿತ್ಸಕರಿದ್ದರು. ಸಣ್ಣ ಕರುಳಿನ ಶುರುವಿನಾಗ ಹುಣ್ಣಾಗಿ, ಊಟ ಮುಂದೆ ಹೋಗದಂಗ ದಾರಿ ಕಟ್ಟಿಕೊಂಡು ಬರುವ ರೋಗಿಗಳು ಅವರಿಗೆ ಬಹಳ. ಇದಕ್ಕೂ ಮೊದಲೇ ದಕ್ಷಿಣ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿ ಹೋವರ್ಡ್ ಸಾಮರ್ವೆಲ್ (1924ರ ಎವರೆಸ್ಟ್ ತಂಡದಾಗಿದ್ದ ಅದೇ ಸಾಮರ್ವೆಲ್) ಮರಗೆಣಸು ತಿಂದು ಬದುಕುವ ಬಡವರಲ್ಲಿ ಇದೇ ಹುಣ್ಣು ಕಂಡಿದ್ದರು. 1964ರಲ್ಲಿ ರೈಲ್ವೆ ಇಲಾಖೆಯ ವೈದ್ಯ ಎಸ್. ಎಲ್. ಮಲ್ಹೋತ್ರಾ ಒಂದು ಲೇಖನ ಬರೆದರು: ಒಂದೇ ಇಲಾಖೆ, ಒಂದೇ ತರದ ಕೆಲಸ, ಆದರೂ ಅಕ್ಕಿ ಉಣ್ಣುವ ದಕ್ಷಿಣದ ನೌಕರರಿಗೆ ಹುಣ್ಣು ಹೆಚ್ಚು, ರೊಟ್ಟಿ ತಿನ್ನುವ ಪಂಜಾಬಿನ ಕಡೆ ಕಡಿಮೆ. ರೊಟ್ಟಿ ಅಗಿದು ತಿನ್ನಬೇಕು, ಜೊಲ್ಲು ಸೇರ್ತದ, ಅದು ಹೊಟ್ಟೆಗೆ ರಕ್ಷಣೆ ಅಂತ ಅವರ ವಿವರಣೆ.

ಟೋವಿ ಆ ವಿವರಣೆಗೆ ನಿಲ್ಲಲಿಲ್ಲ. ಇಂಗ್ಲೆಂಡಿಗೆ ಹೋದ ಮೇಲೂ ವರ್ಷಗಟ್ಟಲೆ ಭಾರತದ, ಬಾಂಗ್ಲಾದೇಶದ, ಆಫ್ರಿಕಾದ ಊಟದ ಲೆಕ್ಕ ಕೂಡಿಸಿದರು. ಹುಣ್ಣು ಹೆಚ್ಚಿರುವ ಕಡೆ ಮಿಲ್ಲಿನಾಗ ಪಾಲಿಶ್ ಮಾಡಿದ ಅಕ್ಕಿ, ಮೈದಾ, ಮರಗೆಣಸು. ಕಡಿಮೆ ಇರುವ ಕಡೆ ತವಡು ಕಳೆಯದ ಗೋಧಿ, ಕೆಲವು ಸಿರಿಧಾನ್ಯ, ಕೆಲವು ಬೇಳೆಕಾಳು. ಆಮೇಲೆ ಅವರು, ಎ. ಪಿ. ಜಯರಾಜ್, ಸಿ. ಜಿ. ಕ್ಲಾರ್ಕ್ ಸೇರಿ ಈ ಆಹಾರಗಳನ್ನು ಒಂದೊಂದಾಗಿ ಇಲಿಗಳಿಗೆ ತಿನ್ನಿಸಿ, ಹುಣ್ಣು ಬರಿಸುವ ಪ್ರಯೋಗ ಮಾಡಿ ನೋಡಿದರು. 1980ರಲ್ಲಿ ‘ಗಟ್’ ಅನ್ನುವ ವೈದ್ಯ ಪತ್ರಿಕೆಯಲ್ಲಿ ಅಚ್ಚಾಯ್ತು. ಹುಣ್ಣು ತಡೆಯುವ ಶಕ್ತಿ ಎದ್ದು ಕಂಡ ಕಾಳು ಯಾವುದು ಅಂದ್ರ, ಹುರುಳಿ.

ಹೌದ್ರಿ, ಹುರುಳಿ. ಮರಾಠಿ ಮಂದಿ ಕುಳೀಥ ಅಂತಾರಲ್ಲ, ಅದೇ. ಇಂಗ್ಲಿಷರು ಕುದುರೆ ಕಾಳು ಅಂತ ಹೆಸರಿಟ್ಟರು, ಯಾಕಂದ್ರ ಅವರ ರಿಸಾಲೆಯ ಕುದುರೆಗೆ ಬೇಯಿಸಿ ಹಾಕ್ತಿದ್ದರು. ಮಳಿ ಇಲ್ಲದ, ಗೊಬ್ಬರ ಇಲ್ಲದ ಕಲ್ಲು ಭೂಮಿಯಾಗೂ ಬರುವ ಕಾಳು. ಅದನ್ನು ದನಕ್ಕೆ, ಕುದುರೆಗೆ, ಮತ್ತ ನಮ್ಮಂಥವರಿಗೆ ಅಂತ ಬಿಟ್ಟಿದ್ದರು. ದೊಡ್ಡ ಮನೆಗಳ ಹಬ್ಬದ ಎಲೆಗೆ ಅದು ಏರಲಿಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಯಾದ ಹುರುಳಿ ಕಾಳು ಸಿಕ್ಕಾವು, ಅಂದ್ರ ಹೆಚ್ಚುಕಮ್ಮಿ ನಾಲ್ಕು ಸಾವಿರ ವರ್ಷದ ಹಿಂದಿನ ಊಟ. ಈ ನೆಲದಾಗ ವೇದ, ಶಾಸ್ತ್ರ ಬರೋಕ್ಕಿಂತ ಮೊದಲೇ ಹುರುಳಿ ಗಡಿಗಿಯಾಗ ಕುದೀತಿತ್ತು.

ಟೋವಿ ತಂಡ ಹುರುಳಿಯ ಯಾವ ಭಾಗ ಕೆಲಸ ಮಾಡ್ತದ ಅಂತಲೂ ಹುಡುಕಿತು. ಅದರೊಳಗಿನ ಕೊಬ್ಬಿನ ಅಂಶ, ಅಂದ್ರ ಫಾಸ್ಫೋಲಿಪಿಡ್ ಮತ್ತು ಸಸ್ಯ ಸ್ಟೆರಾಲ್. ಇವು ಹೊಟ್ಟೆ ಒಳಪದರಕ್ಕೆ ಆಮ್ಲದಿಂದ ರಕ್ಷಣೆ ಕೊಡ್ತಾವ ಅಂತ ಅವರ ತೀರ್ಮಾನ. ಅದೇ ಅಕ್ಕಿಯ ತಾಜಾ ತವಡಿನಾಗೂ ರಕ್ಷಣೆ ಇತ್ತು. ಮಿಲ್ಲಿಗೆ ಹಾಕಿ ಬಿಳಿ ಮಾಡಿದಾಗ ಅದು ಹೋಯ್ತು.

ಇಲ್ಲಿ ಎರಡು ಮಾತು ನೆಟ್ಟಗೆ ಹೇಳಬೇಕು, ಇಲ್ಲಾಂದ್ರ ನಾಳೆ ‘ಹುರುಳಿ ತಿಂದ್ರ ಎಚ್ ಪೈಲೋರಿ ಸಾಯ್ತದ’ ಅಂತ ನನ್ನ ಹೆಸರಲ್ಲೇ ಫಾರ್ವರ್ಡ್ ಬರ್ತದ. ಒಂದು, ಆ ಪ್ರಯೋಗ ಆಗಿದ್ದು ಇಲಿಗಳ ಮೇಲೆ. ಎರಡು, ಹುರುಳಿ ಬ್ಯಾಕ್ಟೀರಿಯಾ ಕೊಲ್ತದ ಅಂತ ಅವರು ಎಲ್ಲೂ ಹೇಳಿಲ್ಲ. ಗೋಡೆ ಗಟ್ಟಿ ಮಾಡೋದು ಬೇರೆ, ಕಳ್ಳನ್ನ ಹಿಡಿಯೋದು ಬೇರೆ. ಬ್ಯಾಕ್ಟೀರಿಯಾ ಪತ್ತೆಯಾದ ಮೇಲೂ ಟೋವಿ ಸುಮ್ಮನಾಗಲಿಲ್ಲ. ಭಾರತದ ಉತ್ತರ ದಕ್ಷಿಣ ಎರಡೂ ಕಡೆ ಸೋಂಕು ಹೆಚ್ಚುಕಡಿಮೆ ಒಂದೇ ಸಮ ಇದ್ದರೂ ಹುಣ್ಣು ಮಾತ್ರ ಒಂದು ಕಡೆ ಯಾಕ ಹೆಚ್ಚು ಅಂತ 1990ರ ದಶಕದಲ್ಲಿ ಮೈಕೇಲ್ ಹಾಬ್ಸ್‌ಲಿ ಜತೆ ಸೇರಿ ಕೇಳಿದರು. ಬ್ಯಾಕ್ಟೀರಿಯಾವೇ ಮೂಲ ಕಾರಣ ಅಲ್ಲದಿರಬಹುದು ಅನ್ನುವಷ್ಟು ದೂರ ಹೋದರು. ಬಹಳ ವೈದ್ಯರು ಅದನ್ನು ಒಪ್ಪಲಿಲ್ಲ. ನನಗೂ ಅದು ಅತಿಯಾಯ್ತು ಅನಿಸ್ತದ, ಯಾಕಂದ್ರ ಬ್ಯಾಕ್ಟೀರಿಯಾ ತೆಗೆದರೆ ಹುಣ್ಣು ಮರಳಿ ಬರೋದು ಬಹಳ ಕಡಿಮೆ ಆಗ್ತದ ಅನ್ನೋದು ಸಾವಿರಾರು ರೋಗಿಗಳಲ್ಲಿ ಕಂಡಿದೆ. ಆದರ ಅವರ ಪ್ರಶ್ನೆ ಮಾತ್ರ ಸುಳ್ಳಲ್ಲ. ಒಂದೇ ಬ್ಯಾಕ್ಟೀರಿಯಾ ಇದ್ದವರೆಲ್ಲರಿಗೂ ಹುಣ್ಣು ಆಗೋದಿಲ್ಲ. ತಟ್ಟೆಯಾಗ ಏನದ ಅನ್ನೋದಕ್ಕೂ ಅದರಾಗ ಪಾಲದ.

ಮತ್ತ ಒಂದು ಮಾತು. ಟೋವಿ ಯಾರ ಜ್ಞಾನವನ್ನೂ ಕದೀಲಿಲ್ಲ. ಏನು ಉಣ್ತೀರಿ ಅಂತ ಕೇಳಿದರು, ಬರೆದುಕೊಂಡರು. ನಾವು ಏನು ಉಣ್ತೀವಿ ಅಂತ ಮರ್ಯಾದೆಯಿಂದ ಕೇಳಿದವರು ಈ ದೇಶದಾಗ ಎಷ್ಟು ಮಂದಿ ಅದಾರ? ಗಡಿಯಾಚೆ ಮರಾಠವಾಡದ ಶಾಹೂ ಪಾಟೋಳೆ ಅವರು ಮಹಾರ-ಮಾಂಗರ ಅಡುಗೆ ಬಗ್ಗೆಯೇ ಒಂದು ಪುಸ್ತಕ ಬರೆದಾರ. ಆಳಂದದಿಂದ ಕೈಚಾಚಿದರೆ ಸಿಗುವ ಸೀಮೆ ಅದು. ನಮ್ಮ ಕಡೆಯಿಂದ ಅಂಥಾದ್ದು ಬರಬೇಕು, ಯಾರಾದ್ರೂ ಹುಡುಗಿಯರು ಮನಸ್ಸು ಮಾಡ್ರಿ.

ಈಗ ಬ್ಯಾಕ್ಟೀರಿಯಾ ಕೊಲ್ತಾವ ಅಂತ ಹೇಳುವ ಗಿಡಗಳು. ಚಿಗವ್ವನ ಡಬ್ಬಿಯಾಗ ಇದ್ದದ್ದು ಮುಖ್ಯವಾಗಿ ಅರಿಶಿನ, ಜ್ಯೇಷ್ಠಮಧು, ಮರದರಿಶಿನ ಅಂತ ಚೀಟಿಯಾಗ ಬರೆದಿತ್ತು. ಮೂರೂ ಸುಮ್ಮನೆ ಬಂದ ಹೆಸರಲ್ಲ, ಮೂರರ ಮೇಲೂ ನಿಜವಾದ ವಿಜ್ಞಾನ ನಡೆದದ. ಸುಳ್ಳು ಇರೋದು ಅದರ ಮುಂದಿನ ಸಾಲಿನಾಗ.

ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಾಗ ಎಚ್ ಪೈಲೋರಿಯನ್ನ ತಡೀತದ, ಇದು 2002ರಲ್ಲೇ ಷಿಕಾಗೊದಾಗ ತೋರಿಸಿದ್ದು. ಸರಿ. ಮನುಷ್ಯರ ಹೊಟ್ಟ್ಯಾಗ? 2007ರಲ್ಲಿ ಇಟಲಿಯ ವೈದ್ಯರು ಆಂಟಿಬಯೋಟಿಕ್ ಬಿಟ್ಟು, ಕರ್ಕ್ಯುಮಿನ್ ಜತೆ ಆಮ್ಲ ಕಡಿಮೆ ಮಾಡುವ ಗುಳಿಗೆ, ಇನ್ನೆರಡು ಪದಾರ್ಥ ಸೇರಿಸಿ 25 ಜನರಿಗೆ ಏಳು ದಿನ ಕೊಟ್ಟರು. ಬ್ಯಾಕ್ಟೀರಿಯಾ ಹೋಗಿದ್ದು 3 ಜನರಿಗೆ. ನೋವು ಮಾತ್ರ ಬಹಳ ಜನಕ್ಕ ಕಡಿಮೆ ಆಯ್ತು. ಥಾಯ್ಲೆಂಡಿನಾಗ 2010ರಲ್ಲಿ ಬಂದ ಇನ್ನೊಂದು ಪರೀಕ್ಷೆ: ಕರ್ಕ್ಯುಮಿನ್ ತಗೊಂಡವರಲ್ಲಿ ನೂರಕ್ಕೆ 6 ಜನಕ್ಕೆ ಹೋಯ್ತು, ಮೂರು ಔಷಧಿಯ ಕೋರ್ಸ್ ತಗೊಂಡವರಲ್ಲಿ ನೂರಕ್ಕೆ 79 ಜನಕ್ಕೆ. ಉರಿ ಕಡಿಮೆ ಆಗ್ತದ, ಬ್ಯಾಕ್ಟೀರಿಯಾ ಅಲ್ಲೇ ಕೂತಿರ್ತದ. ಪುಡಿ ಮಾರುವವರ ಇಡೀ ವ್ಯಾಪಾರ ನಿಂತಿರೋದು ಈ ಸಂದಿನಾಗ. ‘ಈಗ ಆರಾಮ ಅನಸ್ಲತ್ತದ’ ಅಂತ ಚಿಗವ್ವ ಹೇಳಿದ್ದು ಸುಳ್ಳಲ್ಲ, ಅದೇ ನನಗ ಹೆದರಿಕಿ.

ಬೆಳ್ಳುಳ್ಳಿ ಕಥಿಯೂ ಹಂಗೇ. ತಟ್ಟೆಯಾಗ ಪೈಲ್ವಾನ. ಅದೇ ಹ್ಯೂಸ್ಟನ್ ಗ್ರಹಾಂ 1999ರಲ್ಲಿ ಸೋಂಕು ಇದ್ದವರಿಗೆ ದಿನಕ್ಕೆ ಹತ್ತು ಎಸಳು ಹಸಿ ಬೆಳ್ಳುಳ್ಳಿ, ಇನ್ನೊಂದು ದಿನ ಆರು ಮೆಣಸಿನಕಾಯಿ ತಿನ್ನಿಸಿ ನೋಡಿದರು. ಬ್ಯಾಕ್ಟೀರಿಯಾ ಕ್ಯಾರೇ ಅನ್ನಲಿಲ್ಲ. ಆದರೆ ಚೀನಾದ ಲಿನ್‌ಚು ಅನ್ನುವ ಸೀಮೆಯಲ್ಲಿ 1995ರಿಂದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನದಾಗ, ಏಳು ವರ್ಷ ಬೆಳ್ಳುಳ್ಳಿ ಸಾರ ತಗೊಂಡವರಲ್ಲಿ ಹೊಟ್ಟೆ ಕ್ಯಾನ್ಸರ್ ಸಾವು ಕಡಿಮೆ ಇತ್ತು ಅಂತ 22 ವರ್ಷದ ಲೆಕ್ಕದಲ್ಲಿ 2019ಕ್ಕೆ ಬಂತು. ಎರಡೇ ವಾರ ಆಂಟಿಬಯೋಟಿಕ್ ತಗೊಂಡವರಲ್ಲೂ ಕಡಿಮೆ ಆಯ್ತು. ಹಾಂಗಾಗಿ ಬೆಳ್ಳುಳ್ಳಿ ತಿನ್ರಿ, ಬ್ಯಾಡ ಅಂದವರು ಯಾರು. ಗುಳಿಗಿ ಬದಲು ತಿನ್ನಬ್ಯಾಡ್ರಿ.

ಮರದರಿಶಿನದಾಗ ಬರ್ಬರಿನ್ ಅನ್ನುವ ಹಳದಿ ಪದಾರ್ಥ ಅದ. ಚೀನಾದಾಗ ಇದನ್ನು ಆಂಟಿಬಯೋಟಿಕ್ ಜತೆಗೆ ಸೇರಿಸಿ ಕೊಟ್ಟು ಒಳ್ಳೆ ಫಲ ಕಂಡಾರ. ಜತೆಗೆ ಸೇರಿಸಿ ಅನ್ನೋ ಪದಕ್ಕ ಗಮನ ಕೊಡ್ರಿ. ಮತ್ತ ನಮ್ಮ ಪಶ್ಚಿಮಘಟ್ಟದ ಮರದರಿಶಿನ ಬಳ್ಳಿಯನ್ನು ಔಷಧ ವ್ಯಾಪಾರಕ್ಕೆ ಕಡಿದು ಕಡಿದು ಈಗ ಕಾಡಿನಾಗ ಹುಡುಕಿದರೂ ಸಿಗದಂಗ ಆಗ್ಯಾದ.

ಜ್ಯೇಷ್ಠಮಧುವಿನ ಚರಿತ್ರೆ ಎಲ್ಲದಕ್ಕಿಂತ ದೊಡ್ಡದು, ಮತ್ತ ‘ಗಿಡದ್ದು ಅದ, ಲುಕ್ಸಾನ ಏನಾಗ್ತದ’ ಅನ್ನೋ ಪ್ರಶ್ನೆಗೆ ಉತ್ತರ ಅದರಾಗೇ ಅದ. ಎರಡನೇ ಮಹಾಯುದ್ಧದ ಕಾಲಕ್ಕ ಹಾಲೆಂಡಿನ ಒಂದು ಊರಿನಾಗ ರೆವರ್ಸ್ ಅನ್ನುವ ವೈದ್ಯರಿದ್ದರು. ತಮ್ಮ ರೋಗಿಗಳು ಒಬ್ಬ ಔಷಧ ಅಂಗಡಿಯವನ ಹತ್ತಿರ ಏನೋ ತಗೊಂಡು ಹುಣ್ಣು ವಾಸಿ ಮಾಡಿಕೊಳ್ತಿರೋದು ಅವರ ಕಣ್ಣಿಗೆ ಬಿತ್ತು. ನೋಡಿದರೆ ಅದರಾಗ ಇದ್ದದ್ದು ಜ್ಯೇಷ್ಠಮಧುವಿನ ಸಾರ. ಅಂಗಡಿಯವನ ಮಾತನ್ನು ಹಗುರ ಮಾಡದೇ ಪರೀಕ್ಷೆ ಮಾಡಿ 1946ರಲ್ಲಿ ಪ್ರಕಟಿಸಿದರು. ಗುಣ ಬಂತು. ಆದರ ಐದರಲ್ಲಿ ಒಬ್ಬರಿಗೆ ಮುಖ, ಕಾಲು ಬಾವು ಬಂತು. ಅದನ್ನೂ ಮುಚ್ಚಿಡದೇ ಬರೆದರು. ಮುಂದೆ ಇಂಗ್ಲೆಂಡಿನವರು ಅದೇ ಬೇರಿನ ಪದಾರ್ಥದಿಂದ ಕಾರ್ಬೆನಾಕ್ಸಲೋನ್ ಅನ್ನುವ ಗುಳಿಗೆ ಮಾಡಿದರು. 1962ರಲ್ಲಿ ರಿಚರ್ಡ್ ಡಾಲ್ ತಂಡ (ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರ್ತದ ಅಂತ ತೋರಿಸಿಕೊಟ್ಟವರಲ್ಲಿ ಒಬ್ಬರು ಇವರೇ) ಪರೀಕ್ಷಿಸಿ, ಹೊಟ್ಟೆ ಹುಣ್ಣು ಬೇಗ ಮಾಯ್ತದ ಅಂತ ತೋರಿಸಿತು. ಒಂದೂವರೆ ದಶಕ ಜನ ಅದನ್ನೇ ನುಂಗಿದರು. ಬಿಪಿ ಏರ್ತಿತ್ತು, ಮೈಯಾಗ ಉಪ್ಪು ನೀರು ನಿಲ್ತಿತ್ತು, ಪೊಟ್ಯಾಶಿಯಂ ಇಳೀತಿತ್ತು, ಅದರಿಂದ ಎದಿ ಬಡಿತವೇ ತಪ್ಪಬಹುದು. ಸಿಮೆಟಿಡಿನ್ ಬಂದ ಮೇಲೆ ಹಿಂದೆ ಸರೀತು.

ನಮ್ಮ ಚಿಗವ್ವಗ ಬಿಪಿ ಅದ. ಆಕಿ ದಿನಾ ಎರಡು ಚಮಚ ಆ ಪುಡಿ ನೀರಿಗೆ ಹಾಕ್ಕೊಂಡು ಕುಡೀತಿದ್ಲು. ಯಾವ ಜ್ಯೇಷ್ಠಮಧು, ಎಷ್ಟು, ಬಾವು ಬರಿಸುವ ಅಂಶ ತೆಗೆದದ್ದೋ ತೆಗೆಯದ್ದೋ, ಚೀಟಿ ಮ್ಯಾಲೆ ಒಂದಕ್ಷರ ಇಲ್ಲ.

ನ್ಯಾಯವಾಗಿ ಇದನ್ನೂ ಹೇಳಬೇಕು. ಆ ಅಂಶವನ್ನು ಬಹುಪಾಲು ತೆಗೆದು ಬೇರೆ ಪದಾರ್ಥಗಳನ್ನು ಉಳಿಸಿದ ಜ್ಯೇಷ್ಠಮಧು ಸಾರವನ್ನು ಬೆಂಗಳೂರಿನ ಒಂದು ಕಂಪನಿ ಮಾಡ್ತದ. 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೂರು ಚಿಲ್ಲರೆ ಸೋಂಕಿತರಿಗೆ ಅರವತ್ತು ದಿನ ಕೊಟ್ಟಾಗ, ಅದನ್ನು ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಜನರ ಸೋಂಕು ಪರೀಕ್ಷೆಯಲ್ಲಿ ಕಾಣದಂಗಾಯ್ತು. ಬರೀ ಗಿಡದ ಸಾರಕ್ಕ ಇದು ಸಣ್ಣ ಫಲ ಅಲ್ಲ. ಆದರ ಕಂಪನಿಯದೇ ಸರಕು, ಸಣ್ಣ ಪರೀಕ್ಷೆ, ಮತ್ತ ಉಳಿದರ್ಧ ಜನರ ಹೊಟ್ಟೆಯಾಗ ಬ್ಯಾಕ್ಟೀರಿಯಾ ಹಾಗೇ ಇತ್ತು. ಕ್ಯಾನ್ಸರ್ ತರಬಲ್ಲ ಸೋಂಕಿಗೆ ಅರ್ಧ ಸಾಕು ಅಂತ ಶ್ರೀಮಂತರು ಒಪ್ತಾರಾ? ನಾವು ಯಾಕ ಒಪ್ಪಬೇಕು?

ಹಂಗಂತ ಹದಿನಾಲ್ಕು ದಿನದ ಗುಳಿಗಿ ದೇವರ ಪ್ರಸಾದ ಅಂತಲೂ ನಾ ಹೇಳ್ತಿಲ್ಲ. ಭಾರತದಾಗ ಈ ಬ್ಯಾಕ್ಟೀರಿಯಾ ಮೆಟ್ರೋನಿಡಜೋಲಿಗೆ ಬಹಳ ಕಡೆ ಬಗ್ಗೋದಿಲ್ಲ, ಕ್ಲಾರಿತ್ರೋಮೈಸಿನ್ನಿಗೂ ಬಗ್ಗದಂಗ ಆಗ್ತಾ ಬಂದದ. ಕಾರಣ ಏನು? ಎಲ್ಲದಕ್ಕೂ ಎರಡು ದಿನದ ಆಂಟಿಬಯೋಟಿಕ್ ಕೊಡುವ ಡಾಕ್ಟರು, ಚೀಟಿ ಇಲ್ಲದೇ ಮಾರುವ ಅಂಗಡಿ, ಐದನೇ ದಿನ ಬಿಡುವ ನಾವು. ಗಿಡದ ಪದಾರ್ಥಗಳ ಮೇಲೆ ಜಗತ್ತಿನ ಪ್ರಯೋಗಶಾಲೆಗಳು ಮತ್ತೆ ಕಣ್ಣು ಹಾಕಿರೋದು ಇದಕ್ಕೇ. ನಾಳೆ ಅದರಿಂದ ಒಂದು ಗಟ್ಟಿ ಔಷಧಿ ಬರಬಹುದು. ಬಂದರ ಅದು ಯಾರ ಹೆಸರಲ್ಲಿ ಬರ್ತದ ಅನ್ನೋದು ನನ್ನ ಮುಂದಿನ ಮಾತು.

1995ರಲ್ಲಿ ಅರಿಶಿನದಿಂದ ಗಾಯ ಮಾಯಿಸುವುದಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೀತು. ನಮ್ಮ ಸಿಎಸ್ಐಆರ್ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಒಳ್ಳೆ ಕೆಲಸ. ಆದರ ಹ್ಯಾಂಗ ಗೆದ್ದರು ನೋಡ್ರಿ. ಗಾಯಕ್ಕ ಅರಿಶಿನ ಮೆತ್ತೋದು ಈ ದೇಶದ ಪ್ರತಿಯೊಬ್ಬ ತಾಯಿಗೂ ಗೊತ್ತು. ಅದು ಸಾಕ್ಷಿ ಅನಿಸಿಕೊಳ್ಳಲಿಲ್ಲ. ಸಂಸ್ಕೃತ ಗ್ರಂಥ, ಉರ್ದು, ಹಿಂದಿ ಪುಸ್ತಕ, 1953ರ ಒಂದು ವೈದ್ಯ ಪತ್ರಿಕೆಯ ಲೇಖನ, ಇವನ್ನು ತೋರಿಸಬೇಕಾಯ್ತು. ಬರೆದಿಟ್ಟದ್ದು ಮಾತ್ರ ಜ್ಞಾನ. ವೇದ ಕೇಳಿದರ ಕಿವಿಗೆ ಸೀಸ ಅಂತ ಹೇಳಿದ ಸಮಾಜದಾಗ, ಬರೆದಿಡುವ ಹಕ್ಕು ಯಾರಿಗಿತ್ತು?

ಕೇರಳದ ಅಗಸ್ತ್ಯಮಲೆಯ ಕಾಣಿ ಆದಿವಾಸಿಗಳ ಕಥಿ ಬಹಳ ಜನಕ್ಕ ಗೊತ್ತಿರಬಹುದು. 1987ರಲ್ಲಿ ವಿಜ್ಞಾನಿಗಳ ತಂಡ ಗುಡ್ಡ ಹತ್ತುವಾಗ ಜತೆಗಿದ್ದ ಕಾಣಿ ಹುಡುಗರು ದಣಿವಿಲ್ಲದೇ ನಡೀತಿದ್ದರು, ಏನೋ ಸಣ್ಣ ಹಣ್ಣು ತಿಂತಿದ್ದರು. ಅದೇ ಆರೋಗ್ಯಪಚ್ಚ. ತಿರುವನಂತಪುರದ ಸಸ್ಯ ಸಂಶೋಧನಾ ಸಂಸ್ಥೆ ಅದರಿಂದ ‘ಜೀವನಿ’ ಅನ್ನುವ ಔಷಧಿ ಮಾಡಿ, 1995ರಲ್ಲಿ 10 ಲಕ್ಷ ರೂಪಾಯಿ ಮತ್ತು ನೂರಕ್ಕೆ 2ರ ರಾಯಲ್ಟಿಗೆ ಕಂಪನಿಗೆ ಕೊಟ್ಟಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಮುಂದೆ ಅದರಾಗೂ ತಕರಾರು ಬಂದವು, ಆದರೂ ಬಾಯಿಮಾತಿನ ಜ್ಞಾನಕ್ಕ ಪಾಲು ಅದ ಅಂತ ಒಪ್ಪಿದ್ದು ಸಣ್ಣ ಮಾತಲ್ಲ. 2002ರ ಜೀವವೈವಿಧ್ಯ ಕಾಯ್ದೆ ಆ ಪಾಲನ್ನೇ ಕಾನೂನು ಮಾಡಿತು.

2023ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ಬಂತು, ನಮ್ಮ ಸಂಘಟನೆಗಳು ಇದರ ಮೇಲೆ ಉಸಿರೆತ್ತಲಿಲ್ಲ, ನಾನೂ ಎತ್ತಲಿಲ್ಲ. ಗ್ರಂಥಸ್ಥ ಪಾರಂಪರಿಕ ಜ್ಞಾನ ಬಳಸುವವರಿಗೆ, ಬೆಳೆಸಿದ ಔಷಧಿ ಸಸ್ಯ ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ಸಿಕ್ಕಿತು. ಗ್ರಂಥದಾಗ ಇದ್ದರೆ ಕಂಪನಿಗೆ ಪುಕ್ಕಟೆ. ಗ್ರಂಥದಾಗ ಇಲ್ಲದ್ದು ನಮ್ಮದು ಅಂತ ಹೇಳಲು ಕಾಗದ ಬೇಕು. ಆ ಕಾಗದ ಇರಬೇಕಾದದ್ದು ಗ್ರಾಮ ಪಂಚಾಯ್ತಿಯಾಗ. ಪ್ರತಿ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಇರಬೇಕು. ಊರಿನ ಗಿಡ, ಕಾಳು, ಯಾರಿಗೆ ಏನು ಗೊತ್ತು, ಎಲ್ಲಾ ಅದರಾಗ ಬರೀಬೇಕು. ಕೇರಿಗೆ ಬಂದು ನಮ್ಮವ್ವಂದಿರನ್ನ ಯಾರಾದ್ರೂ ಕೇಳ್ಯಾರಾ? ನನ್ನ ಊರಾಗ ಕೇಳಿಲ್ಲ.

ಚಿಗವ್ವನ ಕಥಿಗೆ ಬರ್ತೀನಿ. ನಿನ್ನೆ ಆಕಿನ್ನ ಇನ್ನೊಬ್ಬ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅರ್ಧಕ್ಕ ಬಿಟ್ಟ ಗುಳಿಗಿ ಮತ್ತೆ ಅದೇ ಕೊಟ್ಟರ ಕೆಲಸ ಆಗಲಿಕ್ಕಿಲ್ಲ ಅಂತ ಹೇಳಿ, ಬಿಸ್ಮತ್ ಇರುವ ಬೇರೆ ಕೋರ್ಸ್ ಬರೆದರು. ಬಾಯಿ ಕಹಿ ಆಗ್ತದ, ಸಂಡಾಸ ಕರಿ ಬರ್ತದ, ಹೆದರಬ್ಯಾಡವ್ವ ಅಂತ ಮೊದಲೇ ಹೇಳಿದರು. ಈ ಒಂದು ಮಾತು ಮೊದಲನೇ ಸಲವೇ ಯಾರಾದ್ರೂ ಹೇಳಿದ್ರ ಆಕಿ ಬಿಡ್ತಿರಲಿಲ್ಲ. ಇನ್ನೊಂದು ಪ್ರಶ್ನೆನೂ ಕೇಳಿದರು: ಸೊಂಟ ನೋವಿಗೆ ಏನು ತಗೋತೀ? ಕಿರಾಣಿ ಅಂಗಡಿಯ ನೋವಿನ ಗುಳಿಗಿ, ರಾಶಿ ಕಾಲದಾಗ ದಿನಾ ಎರಡು. ಹುಣ್ಣಿಗೆ ಬ್ಯಾಕ್ಟೀರಿಯಾ ಬಿಟ್ಟರ ಎರಡನೇ ದೊಡ್ಡ ಕಾರಣ ಅದೇ ಅಂತ. ಬಗ್ಗಿ ತೊಗರಿ ಕೊಯ್ಯುವ ಹೆಣ್ಣುಮಕ್ಕಳು, ಅಫಜಲಪುರದ ಕಬ್ಬಿನ ಗದ್ದೆಯಾಗ ಹೊರೆ ಹೊರುವವರು, ಯಾರು ನುಂಗಲ್ಲ ಹೇಳ್ರಿ ಆ ಗುಳಿಗಿ.

ಕೋರ್ಸ್ ಮುಗಿದು ನಾಲ್ಕು ವಾರದ ಮೇಲೆ ಮಲ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಎರಡು ವಾರ ಮೊದಲು ಆಮ್ಲದ ಗುಳಿಗಿ ನಿಲ್ಲಿಸಬೇಕು. ಅಲ್ಲಿ ತನಕ ಬ್ಯಾಕ್ಟೀರಿಯಾ ಹೋಯ್ತೋ ಇಲ್ಲೋ ಹೇಳಲಿಕ್ಕೆ ಬರಲ್ಲ. ಪುಡಿ ಡಬ್ಬಿ ನಾನು ತಂದೀನಿ, ನನ್ನ ಮೇಜಿನ ಮ್ಯಾಲೆ ಅದ. ‘ಹಂಗಾದ್ರ ಗಿಡದ್ದು ಏನೂ ತಿನ್ನಬಾರದೇನು?’ ಅಂತ ಚಿಗವ್ವ ಸಿಟ್ಟಿಲೆ ಕೇಳಿದ್ಲು. ಹುರುಳಿ ಕಟ್ಟು ಮಾಡ್ಕೊಂಡು ರೊಟ್ಟಿ ಜತಿ ಉಣ್ಣು, ಗುಳಿಗಿನೂ ನುಂಗು ಅಂದೆ. ‘ಹುರುಳಿ ಯಾರ್ ಬಿತ್ತತಾರೋ ಈಗ, ಎಲ್ಲಾ ತೊಗರೀನೇ’ ಅಂದ್ಲು.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗೆಳೆಯರಿಗೆ ಎರಡು ವಿನಂತಿ. ನಿಮ್ಮ ಪಂಚಾಯ್ತಿಗೆ ಹೋಗಿ ಆ ದಾಖಲಾತಿ ಪುಸ್ತಕ ತೋರಿಸ್ರಿ ಅಂತ ಕೇಳ್ರಿ, ಕೊಡಲ್ಲ ಅಂದ್ರ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ, ಮಾದರಿ ನಾನು ಕಳಸ್ತೀನಿ. ಮತ್ತ ಯಾರ ಹೊಲದಾಗಾದ್ರೂ ಈ ಸಲ ಹುರುಳಿ ಇದ್ರ ತಿಳಸ್ರಿ, ಐದು ಸೇರು ಬೇಕಾಗ್ಯಾದ, ರೊಕ್ಕ ಕೊಡ್ತೀನಿ.

ಜೈ ಭೀಮ್.